ಮಾಡೆಲ್ ಬದಲಿಸಬೇಡ ತಮ್ಮಾ, ಟೂಲ್‌ಗೆ ಬರೆದಿರೋ ವಿವರಣೆ ಬದಲಿಸು

ಚಿಂತಾಮಣಿಯ ತಮ್ಮಾ, ನಿನ್ನ ಎಐ ಏಜೆಂಟ್ ತಪ್ಪು ಮಾಡ್ತಿದೆ ಅಂತ ನೀನು ಈ ಗುಂಪಲ್ಲಿ ಹಾಕಿರೋ ಸ್ಕ್ರೀನ್‌ಶಾಟ್ ಎರಡು ಸಲ ನೋಡಿದೆ. ಬೆಳಗ್ಗೆ 10ಕ್ಕೆ ಇಡು ಅಂದ ಮೀಟಿಂಗು ಕ್ಯಾಲೆಂಡರಲ್ಲಿ ಮಧ್ಯಾಹ್ನ 3:30ಕ್ಕೆ ಕೂತಿದೆ, ಶೀಟಿನ ತೂಕದ ಕಾಲಮ್ಮಿಗೆ ದಿನಕ್ಕೊಂದು ಥರ ಅಂಕಿ ಬೀಳ್ತಿದೆ. ಅದಕ್ಕೆ ಏಜೆಂಟಿನ ಒಳಗಿರೋ ಭಾಷಾ ಮಾಡೆಲನ್ನೇ ಮೂರನೇ ಸಲ ಬದಲಿಸ್ತೀನಿ ಅಂತ ಬರೆದಿದ್ದೀಯ. ಬೇಡ. ಇದೇ ದಾರಿ ಹಿಡಿದು ನಾನು ಒಂಬತ್ತು ದಿನ ಕಳಕೊಂಡಿದ್ದೀನಿ, ಅದಕ್ಕೇ ಇಷ್ಟುದ್ದ ಬರೀತಿರೋದು.

ಕ್ಯಾಲೆಂಡರ್, ಶೀಟು ಮುಟ್ಟೋಕೆ ಏಜೆಂಟಿಗೆ ನಾವು ಕೊಡೋ ಒಂದೊಂದು ಕೆಲಸವೇ ಟೂಲ್, ಅದನ್ನ ಹೇಗೆ ಬಳಸಬೇಕು ಅಂತ ಏಜೆಂಟ್ ತಿಳಿಯೋದು ನಾವು ಬರೆದ ವಿವರಣೆ ಓದಿ. ಮೀಟಿಂಗ್ ವಿಷಯ ಸಣ್ಣದು. 10ಕ್ಕೂ 3:30ಕ್ಕೂ ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ. ಏಜೆಂಟು ಸಮಯದ ಕೊನೆಗೆ ಝಡ್ (Z) ಅಕ್ಷರ ಹಾಕಿ ಕಳಿಸ್ತಿದೆ, ಗೂಗಲ್ ಕ್ಯಾಲೆಂಡರ್ ಅದನ್ನ ಯುಟಿಸಿ, ಅಂದ್ರೆ ನಮಗಿಂತ ಐದೂವರೆ ಗಂಟೆ ಹಿಂದಿರೋ ವಿಶ್ವ ಸಮಯ, ಅಂತ ತಗೊಳ್ತಿದೆ. ನಿನ್ನ ವಿವರಣೆಯಲ್ಲಿ ‘ಶುರುವಾಗುವ ಸಮಯ’ ಅಂತ ಬಿಟ್ರೆ ಬೇರೇನೂ ಇಲ್ಲ. ಭಾರತದ ಸಮಯ, ಕೊನೆಗೆ +05:30 ಕಡ್ಡಾಯ, ಝಡ್ ಬೇಡ ಅಂತ ಬರೆದು ಪೂರ್ತಿ ಉದಾಹರಣೆ ಒಂದು ಕೊಡು. ಇವತ್ತಿನ ತಾರೀಖನ್ನೂ ಏಜೆಂಟಿಗೆ ಪ್ರತಿ ಸಲ ತಿಳಿಸ್ತಾ ಇರಬೇಕು, ಇಲ್ಲಾಂದ್ರೆ ‘ನಾಳೆ’ ಅಂದ್ರೆ ಯಾವತ್ತು ಅಂತ ಅದಕ್ಕೆಲ್ಲಿ ಗೊತ್ತಾಗ್ಬೇಕು?

ತೂಕದ ವಿಷಯಕ್ಕೆ ಬರ್ತೀನಿ. ಕೋಲಾರದಲ್ಲಿ ನಾವು ಟೊಮೆಟೊ ಲೆಕ್ಕಕ್ಕೆ ಏಜೆಂಟ್ ಕಟ್ಟಿದಾಗ ಶೀಟಿಗೆ ಬರೆಯೋ ಟೂಲಲ್ಲಿ ‘ಕ್ವಾಂಟಿಟಿ’ ಅಂತ ಒಂದು ಪ್ಯಾರಾಮೀಟರ್ (ಏಜೆಂಟ್ ತುಂಬಬೇಕಾದ ಜಾಗ) ಇಟ್ಟಿದ್ದೆ. ವಿವರಣೆ: ‘ಮಾಲಿನ ಪ್ರಮಾಣ’. ಅಷ್ಟೇ. ನಮ್ಮಲ್ಲಿ ಬಾಕ್ಸ್ ಅಂದ್ರೆ 15 ಕೆಜಿ, ರೇಟು ಬಾಕ್ಸಿಗೆ. ರೈತ ‘ಎಂಬತ್ತು ಬಾಕ್ಸ್ ಬಂತು’ ಅಂದ್ರೆ ಏಜೆಂಟ್ ಒಂದು ದಿನ 80 ಅಂತ ಬರೀತಿತ್ತು, ಇನ್ನೊಂದು ದಿನ ಹದಿನೈದರಿಂದ ಗುಣಿಸಿ 1200 ಅಂತ ಬರೀತಿತ್ತು. ಶೀಟಿನ ತಲೆಬರಹ ‘ತೂಕ’ ಅಂತಿದ್ದದ್ದನ್ನ ಓದಿ ಕೆಜಿ ಮಾಡಿತ್ತು, ಅದರ ತಪ್ಪೇನು? ಬಾಕ್ಸಿಗೆ 400ರಂತೆ 32,000 ಆಗಬೇಕಾದ ಪಟ್ಟಿ (ಮಾಲಿನ ಬಿಲ್ಲು) 4,80,000 ಅಂತ ಬಂತು. ಅದು ದೊಡ್ಡ ಅಂಕಿ, ಕಣ್ಣಿಗೆ ಬಿತ್ತು. ಮೂರು ನಾಲ್ಕು ಬಾಕ್ಸಿನ ಸಣ್ಣ ಲಾಟ್‌ಗಳಲ್ಲಿ ಆದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಹಳೇ ಪುಸ್ತಕ ಮುಂದಿಟ್ಟುಕೊಂಡು ಒಂದೊಂದೇ ಸಾಲು ತಾಳೆ ನೋಡಬೇಕಾಯ್ತು.

ಅಂಕಿ ನೋಡಿ ಏಜೆಂಟೇ ಅನುಮಾನ ಪಡಬಹುದಲ್ಲ ಅಂತ ಆವಾಗ ನನಗೂ ಅನಿಸಿತ್ತು. ಹೇಗೆ ಪಡುತ್ತೆ? 2023ರ ಜುಲೈನಲ್ಲಿ ಇದೇ ಬಾಕ್ಸು 2,000 ದಾಟಿತ್ತು, ನೂರರೊಳಗೆ ಬಿದ್ದ ಕಾಲವನ್ನೂ ನೋಡಿದ್ದೀವಿ. ಇಷ್ಟು ಏರಿಳಿತ ಇರೋ ಕಡೆ ಬರೀ ಅಂಕಿಯಿಂದ ಕೆಜಿ ರೇಟೋ ಬಾಕ್ಸ್ ರೇಟೋ ಹೇಳೋಕೆ ಮನುಷ್ಯರಿಗೇ ಆಗಲ್ಲ.

ಈಗ ನಮ್ಮಲ್ಲಿ ಆ ಹೆಸರು ‘ಬಾಕ್ಸ್_ಎಣಿಕೆ’. ವಿವರಣೆ ಹೀಗಿದೆ: ‘15 ಕೆಜಿ ಬಾಕ್ಸ್‌ಗಳ ಎಣಿಕೆ, ಪೂರ್ಣಾಂಕ ಮಾತ್ರ. ಕೆಜಿಗೆ ಬದಲಿಸಬೇಡ. ರೈತ ಕೆಜಿಯಲ್ಲಿ ಹೇಳಿದರೆ ನೀನಾಗಿ ಭಾಗಿಸಬೇಡ, ಎಷ್ಟು ಬಾಕ್ಸ್ ಅಂತ ಕೇಳು.’ ಸ್ಕೀಮಾದಲ್ಲಿ, ಅಂದ್ರೆ ಯಾವ ಜಾಗಕ್ಕೆ ಎಂಥ ಅಂಕಿ ಬರಬಹುದು ಅನ್ನೋ ನಮೂನೆಯಲ್ಲಿ, ಕನಿಷ್ಠ ಗರಿಷ್ಠ ಎರಡೂ ಹಾಕಿದ್ದೀನಿ. ಮಾಡೆಲ್ ಅದೇ ಹಳೇದು, ಆ ತಪ್ಪು ಮತ್ತೆ ಬಂದಿಲ್ಲ.

ವಿವರಣೆ ಬರೆಯೋಕೆ ಮುಂಚೆ ನಾನು ಮಾಡೋ ಕೆಲಸ ಒಂದಿದೆ, ಯಾರಿಗೂ ಇದನ್ನ ಬಿಡು ಅನ್ನಲ್ಲ. ನೋಟ್‌ಬುಕ್ ಹಿಡಿದು ಒಂದು ವಾರ ಜನ ಆಡೋ ಮಾತನ್ನ ಹಾಗೇ ಬರೆದುಕೋ. ‘ನಿನ್ನೆ ಬಂದ ಮಾಲಿಗೆ ರೇಟ್ ಹಾಕು’, ‘ಆ ಪಟ್ಟಿ ತೆಗೆದುಬಿಡು’, ‘ಶ್ರೀನಿವಾಸಪುರದವರಿಗೆ ಹೇಳಿಬಿಡು’. ಇಂಥವು ನಲವತ್ತು ಸಿಕ್ಕರೆ ಸಾಕು. ಆಮೇಲೆ ಕೋಡ್ ಗೊತ್ತಿಲ್ಲದವರೊಬ್ಬರಿಗೆ ಟೂಲಿನ ಹೆಸರು, ವಿವರಣೆ ಮಾತ್ರ ಕೊಟ್ಟು, ಯಾವ ಮಾತಿಗೆ ಯಾವ ಟೂಲ್ ಅಂತ ಗುರುತು ಹಾಕಿಸು. ನಾನು ಕೂರಿಸಿದ್ದು ನಮ್ಮ ಅಕ್ಕನ ಮಗಳನ್ನ. ‘ಪಟ್ಟಿ ತೆಗೆದುಬಿಡು’ ಅನ್ನೋ ಹತ್ತಿರ ಅವಳು ನಿಂತಳು: ತೆಗೆದು ಕೊಡೋದಾ, ಅಳಿಸೋದಾ? ಏಜೆಂಟೂ ಎಡವುತ್ತಿದ್ದದ್ದು ಅಲ್ಲೇ. ಅವತ್ತೇ ಅಳಿಸೋ ಟೂಲಿನ ಮೊದಲ ಸಾಲಲ್ಲಿ ‘ತೆಗೆ ಅಂದ ಮಾತ್ರಕ್ಕೆ ಇದನ್ನು ಬಳಸಬೇಡ’ ಅಂತ ಸೇರಿಸಿದೆ. ಯಾವಾಗ ಬಳಸಬಾರದು ಅನ್ನೋದು ಯಾವಾಗ ಬಳಸಬೇಕು ಅನ್ನೋದಕ್ಕಿಂತ ಹೆಚ್ಚು ಕೆಲಸ ಮಾಡುತ್ತೆ, ನನ್ನ ಅನುಭವದಲ್ಲಿ.

ವಿವರಣೆ ಇಂಗ್ಲಿಷಲ್ಲೇ ಬರೀತೀನಿ ಅಂದ್ರೆ ಬರಿ, ಟೋಕನ್ (ಮಾಡೆಲ್ ಪಠ್ಯವನ್ನ ಎಣಿಸೋ ತುಣುಕು) ಕಮ್ಮಿ ಆಗುತ್ತೆ. ಆದ್ರೆ ಮಾಲು, ಲಾಟು, ಪಟ್ಟಿ ಇಂಥ ಮಾತುಗಳು ಅದರೊಳಗೆ ಇರಲೇಬೇಕು. ನಮ್ಮ ಕಡೆ ತೆಲುಗು ಬೆರೆಸಿ ಮಾತಾಡೋದು ಗೊತ್ತೇ ಇದೆಯಲ್ಲ, ಆ ಪದಗಳನ್ನೂ ಸೇರಿಸು.

ನಿನ್ನ ಟೂಲುಗಳ ಸಾಲಿನಲ್ಲಿ ‘ಶೀಟ್_ಅಪ್‌ಡೇಟ್’, ‘ಎಂಟ್ರಿ_ಸೇರಿಸು’, ‘ಡೇಟಾ_ಬರೆ’ ಅಂತ ಮೂರಿವೆ. ಯಾವುದಕ್ಕೆ ಯಾವುದು ಅಂತ ಓದಿದ ನನಗೇ ತಿಳೀಲಿಲ್ಲ. ಎರಡು ಮಾಡು: ಹೊಸ ಸಾಲಿಗೊಂದು, ಇರೋ ಸಾಲು ತಿದ್ದೋಕೆ ಒಂದು. ಓಪನ್‌ಎಪಿಐ ಫೈಲಿಂದ (ಒಂದು ಸೇವೆಯನ್ನ ಕೋಡಿಂದ ಕರೆಯೋ ದಾರಿಗಳ ವಿವರ ಇರೋ ಫೈಲು) ಇದ್ದಬದ್ದ ಎಂಡ್‌ಪಾಯಿಂಟ್, ಅಂದ್ರೆ ಆ ದಾರಿಗಳನ್ನ, ಎಲ್ಲಾ ಎಳೆದು ತುಂಬೋ ಚಾಳಿ ಈ ಗುಂಪಲ್ಲಿ ಜಾಸ್ತಿ ಆಗಿದೆ. ಆ ವಿವರಣೆಗಳು ಪ್ರೋಗ್ರಾಮರ್‌ಗೆ ಅಂತ ಬರೆದವು, ದಯವಿಟ್ಟು ನಿಲ್ಲಿಸಿ.

ಹೊಸ ಸಾಲಿನ ಟೂಲಿಗೆ ಇನ್ನೊಂದು ಎಚ್ಚರಿಕೆ. ಶೀಟ್ಸ್‌ನ ಅಪೆಂಡ್ (ಕೊನೆಗೆ ಸಾಲು ಸೇರಿಸೋ ಆಜ್ಞೆ) ಕರೆದಷ್ಟು ಸಲ ಸಾಲು ಸೇರಿಸುತ್ತೆ. ನೆಟ್‌ವರ್ಕ್ ಕೈಕೊಟ್ಟಾಗ ಏಜೆಂಟ್ ಮತ್ತೆ ಕಳಿಸಿದರೆ ಒಂದೇ ಲಾಟು ಎರಡು ಸಲ. ‘ಮತ್ತೆ ಕಳಿಸುವ ಮುಂಚೆ ಪಟ್ಟಿ ನಂಬರ್ ಹುಡುಕು’ ಅಂತ ವಿವರಣೆಯಲ್ಲಿ ಬರಿ, ಆದ್ರೆ ಅದನ್ನೇ ನಂಬಬೇಡ, ಅದೇ ತಪಾಸಣೆ ಕೋಡಲ್ಲೂ ಇರಲಿ. ದುಡ್ಡಿನ ಕೆಲಸಕ್ಕೆ ವಿವರಣೆ ಬೀಗ ಅಲ್ಲ. ಎಂಸಿಪಿಯಲ್ಲಿ (ಏಜೆಂಟಿಗೆ ಟೂಲ್ ಜೋಡಿಸೋ ಒಂದು ಸಾಮಾನ್ಯ ಪದ್ಧತಿ) ‘ಇದು ಅಳಿಸೋ ಟೂಲ್’, ‘ಇದು ಓದೋದಷ್ಟೇ’ ಅಂತ ಗುರುತು ಹಾಕಬಹುದು, ಅದೂ ಬರೀ ಸುಳಿವು, ತಡೆಯೋ ಶಕ್ತಿ ಅದಕ್ಕಿಲ್ಲ. ಜಿಮೇಲನ್ನ ಕೋಡಿಂದ ಕರೆಯೋ ಎಪಿಐಯಲ್ಲಿ ಡಿಲೀಟ್ ಮಾಡಿದ್ದು ವಾಪಸ್ ಬರಲ್ಲ, ಟ್ರ್ಯಾಶ್‌ಗೆ ಹಾಕೋದು ಬೇರೆ. ನಾನು ಡಿಲೀಟನ್ನ ಏಜೆಂಟ್ ಕೈಗೆ ಕೊಡೋದೇ ಇಲ್ಲ, ಮೇಲ್ ಕಳಿಸೋ ಟೂಲೂ ಇಲ್ಲ, ಡ್ರಾಫ್ಟ್ ಮಾತ್ರ.

ತಾರೀಖನ್ನೂ ಈಗಲೇ ನೋಡಿಕೋ. ಶೀಟಿನ ಲೊಕೇಲ್ (ಯಾವ ದೇಶದ ರೂಢಿ ಅನ್ನೋ ಸೆಟ್ಟಿಂಗು) ಅಮೆರಿಕ ಅಂತಿದ್ದು, ಬರೆಯೋವಾಗ ‘ಯೂಸರ್ ಎಂಟರ್ಡ್’ (ಮನುಷ್ಯ ಟೈಪ್ ಮಾಡಿದ ಹಾಗೇ ತಗೋ ಅನ್ನೋ ಆಯ್ಕೆ) ಕೊಟ್ಟಿದ್ದರೆ 05/07 ಅನ್ನೋದು ಮೇ 7 ಆಗುತ್ತೆ, 25/07 ಸುಮ್ಮನೆ ಅಕ್ಷರವಾಗಿ ಉಳಿಯುತ್ತೆ. ತಿಂಗಳ ಮೊದಲ ಹನ್ನೆರಡು ದಿನ ಒಂದು ಥರ, ಮಿಕ್ಕಿದ್ದು ಇನ್ನೊಂದು ಥರ. ವರ್ಷ-ತಿಂಗಳು-ದಿನ ಅಂತ ಕಟ್ಟುಮಾಡು. ಓದೋ ಟೂಲಿನ ವಿವರಣೆಯಲ್ಲಿ ‘ಸಾಲಿನ ಕೊನೆಯ ಖಾಲಿ ಕೋಶಗಳು ಬರುವುದಿಲ್ಲ’ ಅಂತ ಸೇರಿಸು, ಇಲ್ಲಾಂದ್ರೆ ರೇಟ್ ಹಾಕದ ಸಾಲು ನೋಡಿ ಕಾಲಮ್ಮೇ ಇಲ್ಲ ಅನ್ನುತ್ತೆ.

ಶೀಟ್ಸ್ ಬಿಟ್ಟು ನೋಶನ್ ಆ್ಯಪ್‌ಗೆ ಹೋಗಲಾ ಅಂತ ಕೇಳಿದ್ದೀಯ. ಟಿಪ್ಪಣಿಗೆ ಚೆನ್ನಾಗಿದೆ, ಮಂಡಿ ಲೆಕ್ಕಕ್ಕೆ ನನಗೆ ಶೀಟ್ಸೇ ಸರಿ. ಹೋದ್ರೂ ಅಲ್ಲಿ ಒಂದು ಪಠ್ಯದ ತುಂಡಿಗೆ 2,000 ಅಕ್ಷರದ ಮಿತಿ ಇದೆ, ವಿವರಣೆಯಲ್ಲಿ ಬರಿ. ಸ್ಲ್ಯಾಕ್ (ತಂಡದ ಚಾಟ್ ಆ್ಯಪ್) ಆದ್ರೆ ಚಾನೆಲ್ ಹೆಸರು ಬೇಡ, ಐಡಿ ಬೇಕು ಅಂತ ಹೇಳಿ, ಆ ಐಡಿ ಯಾವ ಟೂಲಿಂದ ಸಿಗುತ್ತೆ ಅನ್ನೋದನ್ನೂ ಬರಿ. ಎರರ್ ಬಂದಾಗಲೂ ಬರೀ 400 (ಕೋರಿಕೆ ತಪ್ಪು ಅನ್ನೋ ಕೋಡ್) ಅಂತ ವಾಪಸ್ ಕೊಡಬೇಡ. ‘ಬಾಕ್ಸ್ ಎಣಿಕೆ ಪೂರ್ಣಾಂಕ ಇರಬೇಕು, 12.5 ಬಂದಿದೆ’ ಅಂದ್ರೆ ಏಜೆಂಟ್ ತಾನೇ ಸರಿ ಮಾಡಿಕೊಳ್ಳುತ್ತೆ.

ಮೊದಲು ಆ ಶೀಟಿನ ಟೂಲುಗಳನ್ನ ತಿದ್ದಿ ವಿವರಣೆ ಇಲ್ಲಿ ಹಾಕು. ಕೋಡ್ ಹಾಕಬೇಡ, ವಿವರಣೆ ಮಾತ್ರ. ನಾಳೆ ಹರಾಜು ಮುಗಿದ ಮೇಲೆ ಕೂತು ಓದ್ತೀನಿ.