ಅದೇ ಹಿಸ್ಟೋನ್ ಬಿಗಿಯನ್ನೂ ಮಾಡೀತು, ಸಡಿಲವನ್ನೂ ಮಾಡೀತು

ಪ್ರಶ್ನೆ: ಮೇಡಂ, ನಾನು ಯಾದಗಿರಿಯವಳು, ಎಂ.ಎಸ್ಸಿ. ಓದ್ಲಿಕತ್ತೀನಿ. ಎಚ್‌2ಎ.ಝಡ್ ಅನ್ನೋ ಹಿಸ್ಟೋನ್ ಕ್ರೋಮ್ಯಾಟಿನ್ ಸಡಿಲ ಮಾಡ್ತದ ಅಂತ ನಮ್ಮ ನೋಟ್ಸ್‌ನಾಗ ಅದ. ಲೈಬ್ರರಿ ಪುಸ್ತಕದಾಗ ಬಿಗಿ ಮಾಡ್ತದ ಅಂತ ಅದ. ಪರೀಕ್ಷೆದಾಗ ಯಾವುದು ಬರೀಲಿ?

ಉತ್ತರ: ಎರಡನ್ನೂ ಬರಿಯವ್ವಾ. (ಹೊಸಬರಿಗೆ ಒಂದು ಮಾತು: ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್ ಹಿಸ್ಟೋನ್, ಎರಡೂ ಸೇರಿದ ಎಳೆ ಕ್ರೋಮ್ಯಾಟಿನ್.) ಆದರೆ ಎಲ್ಲಿ ಬಿಗಿ, ಎಲ್ಲಿ ಸಡಿಲ, ಯಾಕೆ ಎಂಬುದನ್ನು ಬಿಟ್ಟು ಬರೆದರೆ ಅಂಕ ಸಿಗುವುದಿಲ್ಲ, ಸಿಗಲೂಬಾರದು. ‘ಇದು ತೆರೆಯುವ ಹಿಸ್ಟೋನ್, ಇದು ಮುಚ್ಚುವ ಹಿಸ್ಟೋನ್’ ಎಂದು ಎರಡು ಕಾಲಂ ಹಾಕಿ ಬಾಯಿಪಾಠ ಮಾಡಿಸುವ ನೋಟ್ಸ್ ಕಂಡರೆ ನನಗೆ ಸಂಕಟವಾಗುತ್ತದೆ. ಕಲಬುರಗಿಯಲ್ಲಿ ಇಷ್ಟು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವಳಾಗಿ ಹೇಳುತ್ತೇನೆ, ಆ ಕಾಲಂಗಳನ್ನು ಮರೆತುಬಿಡು. ನ್ಯೂಕ್ಲಿಯೋಸೋಮಿನ, ಅಂದರೆ ಡಿಎನ್‌ಎ ಸುತ್ತಿದ ಒಂದೊಂದು ಹಿಸ್ಟೋನ್ ಗಡ್ಡೆಯ, ಮೈ ನೋಡು.

ಎಚ್‌2ಎ, ಎಚ್‌2ಬಿ, ಎಚ್‌3, ಎಚ್‌4 ತಲಾ ಎರಡೆರಡು ಸೇರಿ ಎಂಟು ಪ್ರೋಟೀನ್‌ಗಳ ಗಡ್ಡೆ. ಅದರ ಸುತ್ತ ಸುಮಾರು 147 ಬೇಸ್ ಜೋಡಿಗಳ ಡಿಎನ್‌ಎ, ಎರಡು ಸುತ್ತಿಗೆ ತುಸು ಕಮ್ಮಿ. ಇಷ್ಟು ನಿನಗೆ ಗೊತ್ತಿದೆ. 1997ರಲ್ಲಿ ಕರೊಲಿನ್ ಲುಗರ್, ಟಿಮೊತಿ ರಿಚ್ಮಂಡ್ ಮತ್ತವರ ಸಂಗಡಿಗರು ಎಕ್ಸ್‌ರೇ ಹಾಯಿಸಿ ಇದರ ರಚನೆಯನ್ನು 2.8 ಆಂಗ್‌ಸ್ಟ್ರಾಂ ಸೂಕ್ಷ್ಮತೆಯಲ್ಲಿ ಬಿಡಿಸಿದಾಗ ಇನ್ನೊಂದು ಸಂಗತಿ ಸ್ಪಷ್ಟವಾಯಿತು. ಗಡ್ಡೆಯ ಮೇಲ್ಮೈಯಲ್ಲಿ, ಎಚ್‌2ಎ ಮತ್ತು ಎಚ್‌2ಬಿ ಕೂಡುವ ಕಡೆ, ಋಣ ವಿದ್ಯುದಂಶದ ಅಮೈನೋ ಆಮ್ಲಗಳು ಗುಂಪಾಗಿ ಕೂತಿರುತ್ತವೆ. ಇದಕ್ಕೆ ಆಮ್ಲೀಯ ಪಟ್ಟಿ ಅನ್ನೋಣ. ಪಕ್ಕದ ನ್ಯೂಕ್ಲಿಯೋಸೋಮಿನ ಎಚ್‌4 ತನ್ನ ಧನ ವಿದ್ಯುದಂಶದ ಬಾಲವನ್ನು ಚಾಚಿ ಇಲ್ಲಿ ಊರುತ್ತದೆ. ಒಂದು ನ್ಯೂಕ್ಲಿಯೋಸೋಮ್ ಇನ್ನೊಂದನ್ನು ಹತ್ತಿರಕ್ಕೆ ಎಳೆದುಕೊಳ್ಳುವ ಮುಖ್ಯ ದಾರಿಗಳಲ್ಲಿ ಇದೊಂದು.

ನಮ್ಮ ಎಪಿಎಂಸಿಯಲ್ಲಿ ಹಮಾಲರು ತೊಗರಿ ಚೀಲ ಒಟ್ಟುವುದನ್ನು ನೋಡಿದ್ದೀಯಲ್ಲ? ಚೀಲದ ಮೈ ಸಪಾಟಾಗಿದ್ದರೆ ಮೇಲಿನದು ಕೆಳಗಿನದರ ಮೇಲೆ ಗಟ್ಟಿಯಾಗಿ ಕೂಡುತ್ತದೆ, ಉಬ್ಬಿದ್ದರೆ ಜಾರುತ್ತದೆ. ಹಿಸ್ಟೋನ್ ವೇರಿಯಂಟ್‌ಗಳೂ, ಅಂದರೆ ಮಾಮೂಲಿ ಹಿಸ್ಟೋನಿನ ಜಾಗಕ್ಕೆ ಬರುವ ತುಸು ಬೇರೆ ರೂಪಗಳೂ, ಬಹುಮಟ್ಟಿಗೆ ಈ ಮೈಯನ್ನೇ ಬದಲಿಸುತ್ತವೆ.

ಎಚ್‌2ಎಯ ವೇರಿಯಂಟ್ ಆದ ಎಚ್‌2ಎ.ಝಡ್‌ನಲ್ಲಿ ಈ ಆಮ್ಲೀಯ ಪಟ್ಟಿ ಇನ್ನಷ್ಟು ಉದ್ದ. 2002ರಲ್ಲಿ ಡೇವಿಡ್ ಟ್ರೆಮೆಥಿಕ್ ಅವರ ಗುಂಪು ಪ್ರಯೋಗಾಲಯದಲ್ಲಿ ಎಚ್‌2ಎ.ಝಡ್ ಇರುವ ನ್ಯೂಕ್ಲಿಯೋಸೋಮ್‌ಗಳ ಸರ ಕಟ್ಟಿ ನೋಡಿತು. ಸರ ತನ್ನೊಳಗೇ ಮಡಚಿಕೊಳ್ಳುವುದು ಸಲೀಸಾಯಿತು. ಆದರೆ ಅಂಥ ಸರಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುವುದು ಕಷ್ಟವಾಯಿತು. ಈ ಎರಡನೆಯ ವಾಕ್ಯದ ಕೆಳಗೆ ಗೆರೆ ಎಳಿ. ಒಂದೇ ಪ್ರಯೋಗದಲ್ಲಿ, ಒಂದೇ ಪ್ರೋಟೀನು, ಒಂದು ಮಟ್ಟದಲ್ಲಿ ಬಿಗಿ ಮಾಡಿತು, ಅದರ ಮೇಲಿನ ಮಟ್ಟದಲ್ಲಿ ತಡೆಯಿತು.

ಇನ್ನು ನಿನ್ನ ನೋಟ್ಸ್‌ನ ಮಾತು. ಜೀವಂತ ಕೋಶದಲ್ಲಿ ಎಚ್‌2ಎ.ಝಡ್ ಹೆಚ್ಚಾಗಿ ಸಿಗುವುದು ಜೀನ್ ಆರಂಭವಾಗುವ ಕಡೆ. ಅಲ್ಲಿ ಅದರ ಜೊತೆಗಾರ ಯಾರು ಎಂಬುದು ಮುಖ್ಯ. 2007ರಲ್ಲಿ ಜಿನ್ ಮತ್ತು ಫೆಲ್ಸನ್‌ಫೆಲ್ಡ್ ತೋರಿಸಿದಂತೆ, ಒಂದೇ ನ್ಯೂಕ್ಲಿಯೋಸೋಮಿನಲ್ಲಿ ಎಚ್‌2ಎ.ಝಡ್ ಜೊತೆ ಎಚ್‌3.3 ಎಂಬ ವೇರಿಯಂಟೂ ಸೇರಿದರೆ ಆ ಗಡ್ಡೆ ತೀರಾ ಅಸ್ಥಿರ. ಎಷ್ಟು ಅಸ್ಥಿರವೆಂದರೆ, ಮಾಮೂಲಿ ಉಪ್ಪಿನ ದ್ರಾವಣದಲ್ಲಿ ತೊಳೆಯುವಾಗಲೇ ಬಿಚ್ಚಿಹೋಗುತ್ತದೆ. ಸಕ್ರಿಯ ಜೀನ್‌ಗಳ ಆರಂಭದಲ್ಲಿ ನ್ಯೂಕ್ಲಿಯೋಸೋಮೇ ಇಲ್ಲ ಎಂದು ತಿಳಿದಿದ್ದ ಜಾಗಗಳಲ್ಲಿ ಈ ಜೋಡಿ ಇತ್ತು ಎಂದು ಅದೇ ಗುಂಪು 2009ರಲ್ಲಿ, ಕಡಿಮೆ ಉಪ್ಪು ಬಳಸಿ, ಕಂಡುಕೊಂಡಿತು. ಎಚ್‌3.3 ಸಾಮಾನ್ಯ ಎಚ್‌3.1ಗಿಂತ ಬೇರೆಯಾಗುವುದು ಬರೀ 5 ಅಮೈನೋ ಆಮ್ಲಗಳಲ್ಲಿ, ನೆನಪಿಡು.

ಉಳಿದ ವೇರಿಯಂಟ್‌ಗಳನ್ನು ಚುಟುಕಾಗಿ ಹೇಳುತ್ತೇನೆ. ಎಚ್‌2ಎ.ಬಿ ಎಂಬುದರಲ್ಲಿ ಆಮ್ಲೀಯ ಪಟ್ಟಿ ಬಹಳಷ್ಟು ಸವೆದಿದೆ, ಸುತ್ತುವ ಡಿಎನ್‌ಎ ಕೂಡ ಸುಮಾರು 118 ಜೋಡಿ ಮಾತ್ರ, ಸರ ಮಡಚಿಕೊಳ್ಳುವುದಿಲ್ಲ. ಸೆನ್‌ಪಿ-ಎ, ಕೋಶ ಒಡೆಯುವಾಗ ಕ್ರೋಮೋಸೋಮನ್ನು ಹಿಡಿದೆಳೆಯುವ ಜಾಗವಾದ ಸೆಂಟ್ರೋಮಿಯರಿನಲ್ಲಿ, ಎಚ್‌3ರ ಜಾಗಕ್ಕೆ ಬರುತ್ತದೆ. ಮ್ಯಾಕ್ರೋ ಎಚ್‌2ಎ ಗಾತ್ರದಲ್ಲಿ ಎಚ್‌2ಎಯ ಸುಮಾರು ಮೂರು ಪಟ್ಟು. ಹೆಣ್ಣಿನ ಕೋಶದಲ್ಲಿ ಮುದುಡಿ ಸುಮ್ಮನಾದ ಎಕ್ಸ್ ಕ್ರೋಮೋಸೋಮಿನ ಮೇಲೆ ದಟ್ಟವಾಗಿರುತ್ತದೆ ಎಂದು 1998ರಲ್ಲಿ ಗೊತ್ತಾಯಿತು.

ಪ್ರಶ್ನೆ: ನಾನು ಬೀದರ್ ಜಿಲ್ಲೆ ಔರಾದದ ಹೈಸ್ಕೂಲ್ ವಿಜ್ಞಾನ ಶಿಕ್ಷಕ. ಹಿಸ್ಟೋನಿನ ಕೆಲಸವನ್ನು ಸಾದಾ ಸೂಕ್ಷ್ಮದರ್ಶಕದಲ್ಲಿ ತೋರಿಸಲು ಬರುತ್ತದೆಯೇ?

ಉತ್ತರ: ಬರುತ್ತದೆ ಸರ್. ಕೋಳಿ ಅಂಗಡಿಗೆ ಹೋಗಿ. ಸೋಡಿಯಂ ಸಿಟ್ರೇಟ್ ದ್ರಾವಣ ಹಾಕಿದ ಸಣ್ಣ ಸೀಸೆಯಲ್ಲಿ ನಾಲ್ಕು ಹನಿ ರಕ್ತ ತನ್ನಿ. ಸಿಟ್ರೇಟ್ ಇಲ್ಲದಿದ್ದರೆ ದಾರಿಯಲ್ಲೇ ಹೆಪ್ಪುಗಟ್ಟುತ್ತದೆ. ಕೈಗವಸು ಹಾಕಿಕೊಂಡು ಸ್ಲೈಡ್ ನೀವೇ ಮಾಡಿ, ಮಕ್ಕಳ ಕೈಗೆ ರಕ್ತ ಕೊಡಬೇಡಿ. ಒಂದೇ ಹನಿ, ಇನ್ನೊಂದು ಸ್ಲೈಡಿನ ಅಂಚಿನಿಂದ ತೆಳ್ಳಗೆ ಎಳೆಯಿರಿ. ಒಣಗಿದ ಮೇಲೆ ಲೀಶ್‌ಮನ್ ಸ್ಟೇನ್ ಹಾಕಿ.

ನಮ್ಮ ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಹಕ್ಕಿಗೆ ಇದೆ. ಮೊಟ್ಟೆಯಾಕಾರದ ಕಣದ ನಡುವೆ ಸಣ್ಣ, ಗಾಢ ನೇರಳೆ ನ್ಯೂಕ್ಲಿಯಸ್ ಕಾಣುತ್ತದೆ. ಕಣ ಬಲಿಯುತ್ತಾ ಬಂದಂತೆ ಎಚ್‌5 ಎಂಬ ಹಿಸ್ಟೋನ್ ತುಂಬಿಕೊಳ್ಳುತ್ತದೆ. ಇದು ನ್ಯೂಕ್ಲಿಯೋಸೋಮ್‌ಗಳ ನಡುವಿನ ಡಿಎನ್‌ಎ ಹಿಡಿಯುವ ಎಚ್‌1ರ ವೇರಿಯಂಟ್. ಅರ್ಜಿನೀನ್ ಹೆಚ್ಚಿರುವುದರಿಂದ ಹಿಡಿತವೂ ಹೆಚ್ಚು. ಜೀನ್‌ಗಳು ಬಹುತೇಕ ನಿಂತು, ನ್ಯೂಕ್ಲಿಯಸ್ ಕುಗ್ಗುತ್ತದೆ. ಹೋಲಿಕೆಗೆ ಪಕ್ಕದಲ್ಲಿ ಕೆನ್ನೆಯ ಒಳಮೈ ಕೋಶದ ಸ್ಲೈಡ್ ಇಡಿ. ಅದರ ನ್ಯೂಕ್ಲಿಯಸ್ ದೊಡ್ಡದು, ಬಣ್ಣ ತಿಳಿ. ಎರಡನ್ನೂ ನೋಡಿದ ಹುಡುಗರು ತಾವೇ ಪ್ರಶ್ನೆ ಕೇಳುತ್ತಾರೆ, ನನ್ನ ಪ್ರಾಕ್ಟಿಕಲ್ ತರಗತಿಗಳಲ್ಲಿ ಯಾವಾಗಲೂ ಹೀಗೇ ಆಗಿದೆ. ಆಲ್ಬ್ರೆಕ್ಟ್ ಕೊಸೆಲ್ 1884ರಲ್ಲಿ ಹಿಸ್ಟೋನನ್ನು ಮೊದಲು ಬೇರ್ಪಡಿಸಿದ್ದೂ ಹಕ್ಕಿಯ ರಕ್ತದಿಂದಲೇ, ಅವರದು ಬಾತುಜಾತಿಯ ಹೆಬ್ಬಾತು. ಇದನ್ನೂ ಮಕ್ಕಳಿಗೆ ಹೇಳಿ.

ಪ್ರಶ್ನೆ: ಸೇಡಂ ತಾಲೂಕಿನ ರೈತ ನಾನು, ತೊಗರಿ ಬೆಳೀತೀನಿ. ಬಿಸಿಗೆ ಗಿಡದ ಜೀನ್ ಬದಲಾಗ್ತಾವ ಅಂತ ಮಗ ಹೇಳ್ತಾನ. ಖರೇನೇನ್ರಿ?

ಉತ್ತರ: ಜೀನಿನ ಅಕ್ಷರ ಬದಲಾಗುವುದಿಲ್ಲ ಅಣ್ಣಾವ್ರೇ, ಅದನ್ನು ಸುತ್ತಿಟ್ಟ ರೀತಿ ಬದಲಾಗುತ್ತದೆ. ಮಗ ಓದಿರುವುದು ಬಹುಶಃ 2010ರ ಒಂದು ಪ್ರಯೋಗ. ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಸಣ್ಣ ಗಿಡವನ್ನು ವಿನೋದ್ ಕುಮಾರ್ ಮತ್ತು ಫಿಲಿಪ್ ವಿಗ್ಗೆ 17 ಡಿಗ್ರಿಯಿಂದ 27 ಡಿಗ್ರಿಗೆ ಒಯ್ದರು. ತಂಪಿನಲ್ಲಿ ಕೆಲವು ಜೀನ್‌ಗಳ ಬಾಯಿಗೆ ಬಿಗಿಯಾಗಿ ಕೂತಿದ್ದ ಎಚ್‌2ಎ.ಝಡ್ ನ್ಯೂಕ್ಲಿಯೋಸೋಮ್‌ಗಳು ಬಿಸಿಗೆ ಕಮ್ಮಿಯಾದವು, ಆ ಜೀನ್‌ಗಳು ಕೆಲಸಕ್ಕೆ ಇಳಿದವು. ಎಚ್‌2ಎ.ಝಡ್ ಕೂರಿಸುವ ವ್ಯವಸ್ಥೆಯೇ ಕೆಟ್ಟ ಗಿಡಗಳು ತಂಪಿನಲ್ಲೂ ಸೆಕೆಯಲ್ಲಿ ಇದ್ದಂತೆ ಬೆಳೆದು ಬೇಗ ಹೂ ಬಿಟ್ಟವು.

ಆದರೆ 17 ಡಿಗ್ರಿ, 27 ಡಿಗ್ರಿಯ ಈ ಲೆಕ್ಕವನ್ನು ನಿಮ್ಮ ಹೊಲಕ್ಕೆ ಹಚ್ಚಬೇಡಿ. ನಮ್ಮ ತೊಗರಿ ಮುಂಗಾರಿಗೆ ಬಿತ್ತಿ ಡಿಸೆಂಬರ್, ಜನವರಿಗೆ ಕೊಯ್ಯುವ ಬೆಳೆ, ಮೇ ತಿಂಗಳ ಬಿಸಿಲಿಗೆ ಅದು ಹೊಲದಲ್ಲೇ ಇರುವುದಿಲ್ಲ. ಅದಕ್ಕೆ ಹೂ ಬಿಡಲು ಹಗಲು ಕಿರಿದಾಗುವುದು ದೊಡ್ಡ ಸೂಚನೆ. ಬಿತ್ತನೆ ತಡವಾದರೆ ಗಿಡ ಗಿಡ್ಡವಾಗಿಯೇ ಹೂವಿಗೆ ಬರುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಗನಿಗೆ ಈ ಉತ್ತರ ಓದಲು ಕೊಡಿ, ಮುಂದಿನ ಪ್ರಶ್ನೆ ಅವನೇ ಬರೆಯಲಿ.