ಓದುಗರ ಪ್ರಶ್ನೆ: ಮತ ಊರಿನಲ್ಲೇ ಇರಲಿಯೇ, ಬೆಂಗಳೂರಿಗೆ ತರಲಿಯೇ?

ಪ್ರಶ್ನೆ: ನನ್ನ ಹುಟ್ಟೂರು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಬಹಳ ವರ್ಷಗಳಿಂದ ಸಂಸಾರ ಸಮೇತ ಬೆಂಗಳೂರಿನಲ್ಲಿದ್ದೇನೆ. ಮತದಾರರ ಪಟ್ಟಿಯಲ್ಲಿ ಹೆಸರು ಮಾತ್ರ ಊರಿನಲ್ಲಿಯೇ ಇದೆ; ಮನೆ, ಜಮೀನು ಅಲ್ಲಿವೆ. ಹೆಸರನ್ನು ಇಲ್ಲಿಗೆ ವರ್ಗಾಯಿಸಿದರೆ ಊರಿನ ಮೇಲಿನ ಹಕ್ಕು ಹೋಗುತ್ತದೆಯೇ?
— ಒಬ್ಬ ಓದುಗರು, ಬೆಂಗಳೂರು

ಉತ್ತರ: ಜಮೀನಿನ ಹಕ್ಕಿಗೂ ಮತದಾರರ ಪಟ್ಟಿಗೂ ಸಂಬಂಧವಿಲ್ಲ, ಪಹಣಿಯಲ್ಲಿರುವ ನಿಮ್ಮ ಹೆಸರನ್ನು ಯಾರೂ ಮುಟ್ಟುವುದಿಲ್ಲ. ಮತದ ವಿಷಯ ಬೇರೆ. ಒಬ್ಬ ವ್ಯಕ್ತಿ 'ಸಾಮಾನ್ಯವಾಗಿ ವಾಸಿಸುವ' ಕ್ಷೇತ್ರದಲ್ಲಿ ಮಾತ್ರ ಮತದಾರನಾಗಬಹುದು ಎಂಬುದು 1950ರ ಜನಪ್ರತಿನಿಧಿ ಕಾಯ್ದೆಯ ನಿಯಮ. ಒಂದು ಊರಿನಲ್ಲಿ ಸ್ವಂತ ಮನೆಯಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆ ಊರಿನ ವಾಸಿಯೆಂದು ಪರಿಗಣಿಸುವಂತಿಲ್ಲ ಎಂದು ಅದರ 20ನೇ ಸೆಕ್ಷನ್ ನೇರವಾಗಿಯೇ ಹೇಳುತ್ತದೆ. ಕೆಲವು ತಿಂಗಳ ಮಟ್ಟಿಗೆ ಕೆಲಸಕ್ಕೆಂದು ಪರವೂರಿಗೆ ಹೋದವರ ಹೆಸರು ಅಷ್ಟರಿಂದಲೇ ಹೋಗುವುದಿಲ್ಲವೆಂಬ ರಕ್ಷಣೆಯೂ ಅದೇ ಸೆಕ್ಷನ್ನಿನಲ್ಲಿದೆ. ಆದರೆ ಮಕ್ಕಳ ಶಾಲೆ, ಪಡಿತರ, ನೌಕರಿ ಎಲ್ಲವೂ ಬೆಂಗಳೂರಿನಲ್ಲಿರುವವರು ಆ ರಕ್ಷಣೆಯ ನೆರಳಿಗೆ ಬರುವುದು ಕಷ್ಟ. ಎರಡೂ ಕಡೆ ಹೆಸರು ಇಟ್ಟುಕೊಳ್ಳುವ ಯೋಚನೆಯಿದ್ದರೆ ಅದನ್ನು ಬಿಟ್ಟುಬಿಡಿ. ಅದಕ್ಕೆ ಕಾಯ್ದೆಯಲ್ಲಿ ಅವಕಾಶವಿಲ್ಲ. ಸುಳ್ಳು ಘೋಷಣೆ ಸಲ್ಲಿಸಿದರೆ ಒಂದು ವರ್ಷದವರೆಗಿನ ಸೆರೆವಾಸಕ್ಕೂ ಗುರಿಯಾಗಬಹುದು. ವರ್ಗಾವಣೆಗೆ ನಮೂನೆ 8 ಸಾಕು.

ಇಷ್ಟಾಗಿಯೂ ನೀವು ನಿಜವಾಗಿ ಕಳೆದುಕೊಳ್ಳುವುದು ಒಂದಿದೆ. ಅದು ಗ್ರಾಮಸಭೆಯ ಸದಸ್ಯತ್ವ. ಸಂವಿಧಾನದ 73ನೇ ತಿದ್ದುಪಡಿಯ ಪ್ರಕಾರ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ವಿಧಾನಸಭೆಯಲ್ಲಿ ನಮ್ಮ ಪರವಾಗಿ ಇನ್ನೊಬ್ಬರು ಮಾತನಾಡುತ್ತಾರೆ. ಗ್ರಾಮಸಭೆಯಲ್ಲಿ ನಾವೇ ಎದ್ದು ನಿಂತು ಕೇಳಬಹುದು. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಈ ಸಭೆ ನಡೆಯಲೇಬೇಕು. ಮತದಾರರಲ್ಲಿ ಹತ್ತರಲ್ಲೊಂದು ಭಾಗ ಅಥವಾ ನೂರು ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಕೋರಂ ಆಗುತ್ತದೆ. ಹಾಜರಾದವರಲ್ಲಿ ಶೇ 30ರಷ್ಟು ಮಹಿಳೆಯರಿರಬೇಕು. ಶೇ 10ರಷ್ಟು ಸದಸ್ಯರು ವಿಷಯಪಟ್ಟಿ ಬರೆದು ಕೊಟ್ಟು ವಿಶೇಷ ಸಭೆಯನ್ನೂ ಕೇಳಬಹುದು. ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆಯಾಗುವುದು ಇಲ್ಲಿ. ಇಷ್ಟೊಂದು ಅಧಿಕಾರವಿರುವ ಸಭೆಯಲ್ಲಿ ಜನ ಕೂರದೆ, ಸಹಿ ಪುಸ್ತಕವನ್ನು ಮನೆಮನೆಗೆ ಕಳಿಸಿ ಕೋರಂ ತುಂಬಿಸುವ ಪರಿಪಾಠ ಹಲವು ಕಡೆ ಬೆಳೆದಿದೆ ಎಂಬುದು ಪಂಚಾಯಿತಿಗಳ ಒಡನಾಟವಿರುವ ಯಾರಿಗೂ ಹೊಸ ಸಂಗತಿಯಲ್ಲ.

ಆದ್ದರಿಂದ ನಿಮ್ಮನ್ನೇ ಕೇಳಿಕೊಳ್ಳಿ: ಊರಿನ ಗ್ರಾಮಸಭೆಯಲ್ಲಿ ಎಂದಾದರೂ ಕುಳಿತಿದ್ದೀರಾ? ಐದು ವರ್ಷಕ್ಕೊಮ್ಮೆ ಬಸ್ಸು ಹತ್ತಿ ಹೋಗಿ, ಅಲ್ಲಿ ವಾಸವಿಲ್ಲದವರು ಅಲ್ಲಿ ವಾಸಿಸುವವರ ನೀರು, ರಸ್ತೆಗಳ ಭವಿಷ್ಯವನ್ನು ತೀರ್ಮಾನಿಸಿ ಮರಳುವುದು ಅಷ್ಟು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ. ಬೆಂಗಳೂರಿನ ಮತಕ್ಕೂ ಕೊರತೆಯಿಲ್ಲದಿಲ್ಲ. ಐದು ವರ್ಷದ ಅವಧಿ ಮುಗಿಯುವ ಮೊದಲೇ ನಗರಸಂಸ್ಥೆಗೆ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳಿದ್ದರೂ, 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಬಳಿಕ ವರ್ಷಗಟ್ಟಲೆ ಈ ನಗರ ಕಾರ್ಪೊರೇಟರುಗಳಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆಯಿತು. ಹಾಗಿದ್ದರೂ ಮೋರಿ ಉಕ್ಕಿದಾಗ ನೀವು ದೂರಬೇಕಾದದ್ದು ಇಲ್ಲಿ; ಹೆಸರು ಇಲ್ಲಿಗೆ ಬರುವುದೇ ಸರಿ.

ಪ್ರಶ್ನೆ: ಯಾವ ಅಭ್ಯರ್ಥಿಯೂ ಒಪ್ಪಿಗೆಯಾಗದಿದ್ದರೆ ನೋಟಾ ಒತ್ತುವುದರಿಂದ ಏನಾದರೂ ಪ್ರಯೋಜನವುಂಟೇ?
— ಒಬ್ಬ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಫಲಿತಾಂಶದ ಲೆಕ್ಕದಲ್ಲಿ ಇಲ್ಲ. 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ಈ ಗುಂಡಿಯನ್ನು ಕೊಡಿಸಿದ್ದು ಮುಖ್ಯವಾಗಿ ಗೋಪ್ಯತೆಯ ಕಾರಣಕ್ಕೆ. ಅದಕ್ಕೆ ಮೊದಲು ಮತ ಹಾಕಲು ಇಷ್ಟವಿಲ್ಲದವರು ಮತಗಟ್ಟೆ ಅಧಿಕಾರಿಯ ಮುಂದೆ ಅದನ್ನು ಹೇಳಿ ಸಹಿ ಹಾಕಬೇಕಿತ್ತು; ಯಾರು ನಿರಾಕರಿಸಿದರೆಂಬುದು ಏಜೆಂಟರಿಗೆಲ್ಲ ತಿಳಿಯುತ್ತಿತ್ತು. ನೋಟಾ ಆ ಅಂಜಿಕೆಯನ್ನು ತೆಗೆಯಿತು, ಗೆಲುವಿನ ನಿಯಮವನ್ನು ಬದಲಿಸಲಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಇಂದೋರಿನ ಕಾಂಗ್ರೆಸ್ ಅಭ್ಯರ್ಥಿ ಕಣದಿಂದ ಹಿಂದೆ ಸರಿದಾಗ ಅಲ್ಲಿ ನೋಟಾಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮತ ಬಿದ್ದು ಅದು ಎರಡನೆಯ ಸ್ಥಾನಕ್ಕೆ ಬಂತು. ಗೆದ್ದವರ ಗೆಲುವಿಗೆ ಅದರಿಂದ ಏನೂ ಆಗಲಿಲ್ಲ. ಒಂದು ವೇಳೆ ನೋಟಾ ಮೊದಲ ಸ್ಥಾನಕ್ಕೆ ಬಂದರೂ, ಅದರ ನಂತರ ಹೆಚ್ಚು ಮತ ಪಡೆದ ಅಭ್ಯರ್ಥಿಯೇ ಗೆದ್ದಂತೆ. ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಅಂಥ ಸಂದರ್ಭ ಬಂದರೆ ಮರುಚುನಾವಣೆ ನಡೆಸಬೇಕೆಂದು ಮಹಾರಾಷ್ಟ್ರ, ಹರಿಯಾಣಗಳ ರಾಜ್ಯ ಚುನಾವಣಾ ಆಯೋಗಗಳು 2018ರಲ್ಲಿ ಆದೇಶ ಹೊರಡಿಸಿದವು. ನನಗೆ ಸರಿಯೆನಿಸುವ ದಾರಿ ಅದು.

ಗುಂಡಿ ಒತ್ತುವ ಮೊದಲು ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಓದಿ ನೋಡಿ. ಆಸ್ತಿ, ಸಾಲ, ವಿದ್ಯಾರ್ಹತೆ, ಕ್ರಿಮಿನಲ್ ಪ್ರಕರಣಗಳ ವಿವರ ಅದರಲ್ಲಿರುತ್ತದೆ, ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಎಲ್ಲರೂ ಒಂದೇ ಎಂಬ ಮಾತು ಎಷ್ಟೋ ಸಲ ಆ ಕಾಗದಗಳನ್ನು ತೆರೆಯದವರ ಮಾತು.

ಪ್ರಶ್ನೆ: ಕಳೆದ ಚುನಾವಣೆಯಲ್ಲಿ ನಾನು ಮತಗಟ್ಟೆಗೆ ಹೋಗುವಷ್ಟರಲ್ಲಿ ನನ್ನ ಹೆಸರಿನಲ್ಲಿ ಯಾರೋ ಮತ ಹಾಕಿಬಿಟ್ಟಿದ್ದರು. ಸುಮ್ಮನೆ ವಾಪಸು ಬಂದೆ. ಏನು ಮಾಡಬೇಕಿತ್ತು?
— ಒಬ್ಬ ಓದುಗರು, ಚಾಮರಾಜನಗರ

ಉತ್ತರ: ವಾಪಸು ಬರಬಾರದಿತ್ತು. ಗುರುತಿನ ಚೀಟಿ ತೋರಿಸಿ, ಅಧ್ಯಕ್ಷಾಧಿಕಾರಿಯ ಪ್ರಶ್ನೆಗಳಿಗೆ ಸಮಾಧಾನಕರ ಉತ್ತರ ಕೊಟ್ಟರೆ ಅವರು ನಿಮಗೆ ಟೆಂಡರ್ ಮತಪತ್ರ ಕೊಡಲೇಬೇಕು. 1961ರ ಚುನಾವಣಾ ನಡೆಸುವಿಕೆ ನಿಯಮಗಳಲ್ಲಿ ಇದಕ್ಕೆ ಅವಕಾಶವಿದೆ. ಯಂತ್ರದಲ್ಲಿ ಒತ್ತಲು ಬಿಡುವುದಿಲ್ಲ. ಕಾಗದದ ಮೇಲೆ ಗುರುತು ಮಾಡಿ ಕೊಟ್ಟರೆ ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಮೊಹರು ಮಾಡಿ ಇಡುತ್ತಾರೆ. ಸಾಮಾನ್ಯ ಎಣಿಕೆಯಲ್ಲಿ ಅದು ಸೇರುವುದಿಲ್ಲ. ನ್ಯಾಯಾಲಯದಲ್ಲಿ ತಕರಾರು ಎದ್ದಾಗ ಮಾತ್ರ ಲಕೋಟೆ ತೆರೆಯುವ ಪ್ರಶ್ನೆ ಬರುತ್ತದೆ. ಹಾಗಾದರೆ ಆ ಕಾಗದಕ್ಕೆ ಬೆಲೆಯೇನು ಎಂದು ಕೇಳಬಹುದು. ನಿಮ್ಮ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ 2004ರಲ್ಲಿ ಧ್ರುವನಾರಾಯಣ ಅವರು 40,752 ಮತ, ಎ.ಆರ್. ಕೃಷ್ಣಮೂರ್ತಿಯವರು 40,751 ಮತ ಪಡೆದಿದ್ದರು. ಅಷ್ಟು ಸಣ್ಣ ಅಂತರದಲ್ಲಿ ಮೊಹರಾದ ಒಂದೊಂದು ಲಕೋಟೆಯೂ ಲೆಕ್ಕಕ್ಕೆ ಬರಬಲ್ಲದು. ಚುನಾವಣಾ ತಕರಾರು ಅರ್ಜಿಯನ್ನು ಹೈಕೋರ್ಟಿಗೆ ಸಲ್ಲಿಸಲು ಅಭ್ಯರ್ಥಿಯೇ ಆಗಿರಬೇಕಿಲ್ಲ. ಆ ಕ್ಷೇತ್ರದ ಯಾವ ಮತದಾರರಾದರೂ ಆಯ್ಕೆ ಪ್ರಕಟವಾದ 45 ದಿನಗಳೊಳಗೆ ಸಲ್ಲಿಸಬಹುದು.