ಧರ್ಮಕೇಂದ್ರಕ್ಕೆ ವ್ಯಾಪಾರಸ್ಥರು ಏನು ಮಾಡಬಹುದು?

ಮಾನ್ಯ ಸಹೋದರರೇ,

ಟೊಮೆಟೊ ದರದ ಮಾತುಕತೆಯ ನಡುವೆ ನೀವು ಕೇಳಿದ ಪ್ರಶ್ನೆಗೆ ವ್ಯಾಪಾರಸ್ಥರ ಗುಂಪಿನಲ್ಲಿ ಯಾರೂ ಉತ್ತರಿಸಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ನಿಮ್ಮ ಕಥೋಲಿಕ ಚರ್ಚಿನಲ್ಲಿ ಭಾನುವಾರದ ಬಲಿಪೂಜೆಗೆ (ಮಾಸ್) ಹಿರಿಯರಷ್ಟೇ ಬರುತ್ತಿದ್ದಾರೆ, ದೇವಾಲಯದ ಛಾವಣಿ ಸೋರುತ್ತಿದೆ, ಅಂಗಡಿ ಮತ್ತು ಮಂಡಿ ನಡೆಸುವ ನಾವು ಕೆಲವರು ಸೇರಿ ದೊಡ್ಡ ಮೊತ್ತ ಕೊಟ್ಟರೆ ಧರ್ಮಕೇಂದ್ರ (ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಭಕ್ತರ ಸಮುದಾಯ) ಚೇತರಿಸಿಕೊಂಡೀತೇ ಎಂದು ಕೇಳಿದ್ದೀರಿ. ಹಣದಿಂದ ಛಾವಣಿ ಸರಿಹೋಗುತ್ತದೆ, ಆದರೆ ಯುವಕರು ಬರುವುದಿಲ್ಲ. ದುಡಿಯುವವರ ವೇಳೆಯನ್ನು ಹೊಂದಿಸುವ ಅಧಿಕಾರ ಮತ್ತು ಲೆಕ್ಕ ಬರೆದಿಡುವ ಅಭ್ಯಾಸ, ಇವೆರಡೂ ನಿಮ್ಮಂಥವರ ಕೈಯಲ್ಲಿವೆ. ಧರ್ಮಕೇಂದ್ರಕ್ಕೆ ಹೆಚ್ಚು ಬೇಕಾಗಿರುವುದು ಇವೇ.

ನಮ್ಮ ಕೋಲಾರ ಜಿಲ್ಲೆಯ ಯುವಕರು ದೇವಾಲಯದಿಂದ ದೂರವಾದದ್ದು ಅಶ್ರದ್ಧೆಯಿಂದ ಎಂಬ ಹಿರಿಯರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳವರು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಪಾಳಿಯ ಕೆಲಸ. ಅಂಥವರಿಗೆ ಭಾನುವಾರ ಬೆಳಗಿನ ಒಂದೇ ಪೂಜೆ ಸಾಲದು. ಧರ್ಮಸಭೆಯ (ಕಥೋಲಿಕ ಚರ್ಚಿನ) 1983ರ ಕಾನೂನು ಸಂಹಿತೆಯ 1248ನೇ ವಿಧಿಯಂತೆ, ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ನೆರವೇರುತ್ತದೆ. ಯಾವ ಮನೆಯ ಯಾರು ಯಾವ ಪಾಳಿಯಲ್ಲಿದ್ದಾರೆ ಎಂಬ ಪಟ್ಟಿಯನ್ನು ತಯಾರಿಸಿ ಗುರುಗಳ (ಪಾದ್ರಿಗಳ) ಮುಂದಿಡಿ. ಶನಿವಾರ ಸಂಜೆ ಪೂಜೆ ಇಡಲು ಸಾಧ್ಯವೇ ಎಂದು ಆಮೇಲೆ ಕೇಳಿ. ದೂರದ ಹಳ್ಳಿಗಳವರಿಗೆ ಬಾಡಿಗೆ ವ್ಯಾನಿನ ಖರ್ಚನ್ನು ನೀವು ಹೊರಬಹುದು. (ಮಂಡಿಯ ಸರಕು ಗಾಡಿಯಲ್ಲಿ ಜನರನ್ನು ಕೂರಿಸುವುದು ಮಾತ್ರ ಬೇಡ, ಅದು ಕಾನೂನಿಗೂ ವಿರುದ್ಧ.)

ಇದಕ್ಕೂ ಮೊದಲು ನಿಮ್ಮ ಮಂಡಿಯನ್ನೇ ನೋಡಿಕೊಳ್ಳಬೇಕು. ಹಣ್ಣಾದ ಟೊಮೆಟೊ ಭಾನುವಾರವೆಂದು ಕಾಯುವುದಿಲ್ಲ, ನಿಜ. ಆದರೆ ಕ್ರೈಸ್ತ ಕೆಲಸಗಾರರು ಪೂಜೆ ಮುಗಿಸಿ ಬರುವಂತೆಯೂ, ಉಳಿದವರಿಗೆ ಅವರವರ ಹಬ್ಬಗಳಂದು ಅದೇ ಅನುಕೂಲ ಸಿಗುವಂತೆಯೂ ಸರದಿ ಹಾಕುವುದು ಮಾಲೀಕರಿಗೆ ಕಷ್ಟವಲ್ಲ. ಕೂಲಿ ಬಾಕಿ ಉಳಿಸಿಕೊಂಡವರು ಕೊಡುವ ಕಾಣಿಕೆಗೆ ಊರಿನಲ್ಲಿ ಬೆಲೆ ಇರುವುದಿಲ್ಲ. ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟವರ ಬಗ್ಗೆ ಸಂತ ಯಕೋಬರ ಪತ್ರದ 5ನೇ ಅಧ್ಯಾಯ ಬಹಳ ಕಟುವಾಗಿದೆ. 1891ರಲ್ಲಿ ಪೋಪ್ 13ನೇ ಲಿಯೋ ಅವರು ಹೊರಡಿಸಿದ ವಿಶ್ವಪರಿಪತ್ರವೂ (ಇಡೀ ಧರ್ಮಸಭೆಗೆ ಬರೆದ ಪತ್ರ) ನ್ಯಾಯವಾದ ಕೂಲಿಯನ್ನು ಮಾಲೀಕರ ಕರ್ತವ್ಯವೆಂದೇ ಸಾರಿತು. ಇದು ಧರ್ಮಕೇಂದ್ರಕ್ಕೂ ಅನ್ವಯಿಸುತ್ತದೆ: ಅಲ್ಲಿ ದುಡಿಯುವವರಿಗೆ ನ್ಯಾಯವಾದ ಸಂಬಳ ಕೊಡಬೇಕೆಂದು ಸಂಹಿತೆಯ 1286ನೇ ವಿಧಿ ಹೇಳುತ್ತದೆ. ನಿಮ್ಮ ಗೆಳೆಯರೆಲ್ಲ ಸೇರಿ ಉಪದೇಶಿಯವರ (ಧರ್ಮೋಪದೇಶ ಕಲಿಸುವವರ) ಸಂಬಳಕ್ಕೆ ತಿಂಗಳು ತಿಂಗಳು ಇಷ್ಟೆಂದು ಕೊಡಲು ಒಪ್ಪಿಕೊಂಡರೆ, ಅದು ಹಬ್ಬದ ತೇರಿನ ದೀಪಾಲಂಕಾರಕ್ಕಿಂತ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಲೆಕ್ಕದ ವಿಷಯ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆಂದು 537ನೇ ವಿಧಿ ಹೇಳುತ್ತದೆ. ನಿಮ್ಮಲ್ಲಿ ಅದು ಹೆಸರಿಗಷ್ಟೇ ಇದ್ದರೆ, ದೂರು ಹೇಳುವುದನ್ನು ಬಿಟ್ಟು ಲೆಕ್ಕ ಬರೆಯಲು ಮುಂದೆ ಬನ್ನಿ. ಜಮೆ–ಖರ್ಚಿನ ಪುಸ್ತಕವನ್ನು ಕ್ರಮವಾಗಿ ಇಡಬೇಕು, ವರ್ಷದ ಕೊನೆಗೆ ವರದಿ ತಯಾರಿಸಬೇಕು ಎಂಬುದು 1284ನೇ ವಿಧಿ. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು ಎಂಬುದು 1287ನೇ ವಿಧಿ. ದೇವಾಲಯದ ಬಾಗಿಲಲ್ಲಿ ಒಂದು ಹಾಳೆಯಲ್ಲಿ ಜಮೆ–ಖರ್ಚು ಕಂಡರೆ, ಸಣ್ಣ ಕಾಣಿಕೆ ಕೊಡುವವರಿಗೂ ಇದು ನಮ್ಮದು ಎನ್ನಿಸುತ್ತದೆ. ಆದರೆ ಸಮಿತಿಯದು ಗುರುಗಳಿಗೆ ನೆರವಾಗುವ ಕೆಲಸ. ಮಂಡಿಯಲ್ಲಿ ಕೂಗುವ ಹಾಗೆ ಅಲ್ಲಿ ದರ ಕೂಗಲು ಹೋಗಬೇಡಿ.

ಸಮಿತಿಯಲ್ಲಿ ಕುಳಿತವರು ಅದೇ ಧರ್ಮಕೇಂದ್ರದ ಬಣ್ಣ, ಸಿಮೆಂಟು, ಊಟದ ಗುತ್ತಿಗೆಯನ್ನು ಹಿಡಿಯಬಾರದು. ಧರ್ಮಸಭೆಯ ಆಸ್ತಿಯನ್ನು ಅದರ ಆಡಳಿತಗಾರರಿಗೋ ಅವರ ಹತ್ತಿರದ ಬಂಧುಗಳಿಗೋ ವಿಶೇಷ ಲಿಖಿತ ಅನುಮತಿಯಿಲ್ಲದೆ ಮಾರುವುದನ್ನೂ ಬಾಡಿಗೆಗೆ ಕೊಡುವುದನ್ನೂ 1298ನೇ ವಿಧಿ ತಡೆಯುತ್ತದೆ. ಕ್ಷುಲ್ಲಕ ವಸ್ತುಗಳಿಗಷ್ಟೇ ವಿನಾಯಿತಿ. ಅದೇ ಎಚ್ಚರ ಖರೀದಿಯಲ್ಲೂ ಇರಲಿ. ದಾನಿಗಳ ಹೆಸರಿನ ಅಮೃತಶಿಲೆಯ ಫಲಕಗಳನ್ನೂ ಬಿಟ್ಟುಬಿಡಿ.

ಯುವಕರಿಗೆ ಕೆಲಸ ಕೊಡಿಸುವ ವಿಷಯದಲ್ಲಿ ದೊಡ್ಡ ಯೋಜನೆಗಳು ಬೇಡ. ಒಬ್ಬೊಬ್ಬ ವ್ಯಾಪಾರಿಯೂ ವರ್ಷಕ್ಕೆ ಒಬ್ಬರನ್ನು ತಮ್ಮ ಬಳಿ ಇಟ್ಟುಕೊಂಡು ಬಿಲ್ಲು, ದಾಸ್ತಾನು, ಜಿಎಸ್‌ಟಿ ಕೆಲಸ ಕಲಿಸಿದರೆ ಸಾಕು.

ಕೊನೆಯದಾಗಿ ಛಾವಣಿಯ ಹಣ. ಅದನ್ನು ಚೆಕ್ಕಿನಲ್ಲಿ ಅಥವಾ ಬ್ಯಾಂಕಿನ ಮೂಲಕ ಧರ್ಮಕೇಂದ್ರದ ಖಾತೆಗೇ ಹಾಕಿ, "ಛಾವಣಿಗಾಗಿ" ಎಂದು ಪತ್ರದಲ್ಲಿ ಬರೆದುಕೊಡಿ. ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕಷ್ಟೇ ಬಳಸಬೇಕೆಂದು 1267ನೇ ವಿಧಿಯಲ್ಲಿದೆ. 80ಜಿ ಎಂದು ಕರೆಯುವ ತೆರಿಗೆ ವಿನಾಯಿತಿ ಕೇವಲ ಧಾರ್ಮಿಕ ಉದ್ದೇಶದ ದಾನಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲವಾದ್ದರಿಂದ, ಅದನ್ನು ನಂಬಿ ಮೊತ್ತ ನಿಗದಿಮಾಡುವ ಮೊದಲು ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಿ. ಕೆಲಸವನ್ನು ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಒಳಗೆ ಮುಗಿಸಿಕೊಳ್ಳುವುದು ಒಳ್ಳೆಯದು. ಆಮೇಲೆ ನಿಮಗೂ ಟೊಮೆಟೊ ಹಂಗಾಮು ಶುರುವಾಗಿ ಬಿಡುವು ಸಿಗುವುದಿಲ್ಲ.